ಚೌಕಟ್ಟು ಬದಲಿಸುವ ಅಧಿಕಾರ ಸ್ಕ್ರಿಪ್ಟಿಗೆ ಬೇಡ

ಹಳೆಯ ಕನ್ನಡ ಸಿನಿಮಾಗಳನ್ನು ಇಂದಿನ ಅಗಲ ಟಿವಿಯಲ್ಲೋ ಯೂಟ್ಯೂಬಿನಲ್ಲೋ ನೋಡುವವರು ಒಂದು ವಿಕಾರಕ್ಕೆ ಸದ್ದಿಲ್ಲದೆ ಒಗ್ಗಿಹೋಗಿದ್ದಾರೆ. ಕಲ್ಪನಾ ಇದ್ದುದಕ್ಕಿಂತ ದಪ್ಪ ಕಾಣುತ್ತಾರೆ, ರಾಜ್‌ಕುಮಾರ್ ಇದ್ದುದಕ್ಕಿಂತ ಕುಳ್ಳಗೆ ಕಾಣುತ್ತಾರೆ. ಕಾರಿನ ಚಕ್ರ ಮೊಟ್ಟೆಯಾಗುತ್ತದೆ, ಹಣೆಯ ದುಂಡು ಕುಂಕುಮ ಅಡ್ಡಕ್ಕೆ ಹಿಗ್ಗುತ್ತದೆ. ಇನ್ನು ಕೆಲವು ಪ್ರತಿಗಳಲ್ಲಿ ಮೈಕಟ್ಟು ಸರಿಯಾಗಿಯೇ ಇರುತ್ತದೆ. ಆದರೆ ನಟರ ನೆತ್ತಿ ಹಾರಿಹೋಗಿರುತ್ತದೆ, ಹೆಸರುಪಟ್ಟಿಯ ಕೊನೆಯ ಸಾಲಿನ ಒತ್ತಕ್ಷರಗಳು ಪರದೆಯಿಂದಾಚೆ ಬಿದ್ದಿರುತ್ತವೆ. ಫಿಲ್ಮ್ ಹಳತಾದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಕೆಲವೊಮ್ಮೆ ಮನೆಯ ಟಿವಿಯ ಸೆಟ್ಟಿಂಗೇ ಕಾರಣವಾಗಿರುತ್ತದೆ, ಅದನ್ನು ರಿಮೋಟಿನಲ್ಲಿ ಸರಿಪಡಿಸಿಕೊಳ್ಳಬಹುದು. ಫೈಲಿನೊಳಗೇ ಚಿತ್ರ ಹಿಗ್ಗಿದ್ದರೆ, ಇಲ್ಲವೇ ಕತ್ತರಿಸಿಹೋಗಿದ್ದರೆ, ಎಲ್ಲೋ ಒಬ್ಬರು ಸಾಫ್ಟ್‌ವೇರಿಗೆ ಅಗಲ ಇಷ್ಟು, ಎತ್ತರ ಇಷ್ಟು ಎಂದು ಎರಡು ಸಂಖ್ಯೆ ಕೊಟ್ಟು ಎಂಟರ್ ಒತ್ತಿದ್ದಾರೆ ಎಂದೇ ಅರ್ಥ. ವಿಡಿಯೊದ ಗಾತ್ರ ಬದಲಿಸುವುದು ಯಂತ್ರದ ಕೆಲಸ, ಅದನ್ನು ಸ್ಕ್ರಿಪ್ಟಿಗೆ, ಅಂದರೆ ಕೆಲಸವನ್ನು ತಾನಾಗಿ ಮಾಡಿ ಮುಗಿಸುವ ಪುಟ್ಟ ಪ್ರೋಗ್ರಾಮಿಗೆ, ಧಾರಾಳವಾಗಿ ಬಿಡೋಣ. ಆದರೆ ಚಿತ್ರದ ಆಕಾರ ಬದಲಿಸುವುದು ಒಂದು ತೀರ್ಮಾನ. ಆ ತೀರ್ಮಾನವನ್ನು ಮನುಷ್ಯರು ತಿಳಿದು, ಮತ್ತೆ ಹಿಂದಕ್ಕೆ ಹೋಗಲು ದಾರಿ ಇಟ್ಟುಕೊಂಡು ಮಾಡಬೇಕು. ಈ ವ್ಯತ್ಯಾಸವನ್ನು ನಾವು ಅಲಕ್ಷಿಸಿದಷ್ಟೂ ಕನ್ನಡ ಸಿನಿಮಾದ ಇತಿಹಾಸ ನಮ್ಮ ಕೈಯಾರೆ ಸವೆಯುತ್ತದೆ.

ಮೊದಲು ಆ ಎರಡು ಸಂಖ್ಯೆಗಳ ಲೆಕ್ಕ ನೋಡೋಣ. ಚಿತ್ರರಂಗ ಬಹುಕಾಲ ಬಳಸಿದ 35 ಎಂಎಂ ಫಿಲ್ಮಿನ ಚೌಕಟ್ಟಿನಲ್ಲಿ ಎತ್ತರ 1 ಆದರೆ ಅಗಲ 1.37. ಹಳೆಯ ಟಿವಿಯದು ಅದಕ್ಕೆ ತೀರಾ ಹತ್ತಿರ, ನಾಲ್ಕಕ್ಕೆ ಮೂರು. ಇಂದಿನ ಟಿವಿ ಹದಿನಾರಕ್ಕೆ ಒಂಬತ್ತು. ಎತ್ತರ ಅಷ್ಟೇ ಇಟ್ಟು ಅಗಲವನ್ನು ಮಾತ್ರ ಎಳೆದು ಹೊಸ ಪರದೆ ತುಂಬಿಸಿದರೆ ಪ್ರತಿಯೊಂದು ಮುಖವೂ ಮೂರನೇ ಒಂದು ಪಾಲು, ಅಂದರೆ ಶೇ 33ರಷ್ಟು, ಹೆಚ್ಚು ಅಗಲವಾಗುತ್ತದೆ. ಎಳೆಯುವ ಬದಲು ಮೇಲೆ ಕೆಳಗೆ ಕತ್ತರಿಸಿ ತುಂಬಿಸಿದರೆ ಚಿತ್ರದ ಎತ್ತರದಲ್ಲಿ ಕಾಲು ಭಾಗ ಹೋಗುತ್ತದೆ. ಸರಿಯಾದ ದಾರಿ ಇದಕ್ಕಿಂತ ಕಷ್ಟದ್ದೇನಲ್ಲ. 768ಕ್ಕೆ 576 ಅಳತೆಯ ಚಿತ್ರವನ್ನು 1280ಕ್ಕೆ 720ರ ಜಾಗದಲ್ಲಿ ಕೂರಿಸಬೇಕು ಎಂದಿಟ್ಟುಕೊಳ್ಳಿ. ಅಗಲವನ್ನು ಭಾಗಿಸಿದರೆ 1.67 ಬರುತ್ತದೆ, ಎತ್ತರವನ್ನು ಭಾಗಿಸಿದರೆ 1.25. ಎರಡರಲ್ಲಿ ಚಿಕ್ಕದನ್ನು ಆರಿಸಿ ಅದರಿಂದಲೇ ಎರಡೂ ಕಡೆ ಗುಣಿಸಬೇಕು. ಚಿತ್ರ 960ಕ್ಕೆ 720 ಆಗುತ್ತದೆ. ಎಡಕ್ಕೆ 160, ಬಲಕ್ಕೆ 160 ಪಿಕ್ಸೆಲ್ ಕಪ್ಪಾಗಿ ಉಳಿಯುತ್ತದೆ. ಹೈಸ್ಕೂಲಿನ ಅನುಪಾತದ ಪಾಠಕ್ಕಿಂತ ಹೆಚ್ಚಿನ ಗಣಿತ ಇದರಲ್ಲಿಲ್ಲ. ಹೀಗಿದ್ದೂ ತಪ್ಪು ನಡೆಯುವುದು, ತಪ್ಪು ದಾರಿ ಒಂದೇ ಸಾಲಿನಲ್ಲಿ ಮುಗಿದು ಸರಿಯಾದ ದಾರಿಗೆ ನಾಲ್ಕೈದು ಸಾಲು ಬೇಕಾಗುವುದರಿಂದ. ಇಂಟೆಲ್ ಸಂಸ್ಥೆಯಲ್ಲಿ 1999ರಲ್ಲಿ ಶುರುವಾದ, ಚಿತ್ರಗಳನ್ನು ಸಂಸ್ಕರಿಸುವ ತಂತ್ರಾಂಶ ಓಪನ್‌ಸಿವಿ ಇಂದು ಪೈಥಾನ್ ಕಲಿಯುವ ಅನೇಕರ ಕೈಯಲ್ಲಿದೆ. ಅದರ ರೀಸೈಜ್ ಆದೇಶ ಕೊಟ್ಟ ಸಂಖ್ಯೆಗೆ ಚಿತ್ರವನ್ನು ಎಳೆದು ಕೊಡುತ್ತದೆ, ಆಕಾರ ಕೆಟ್ಟಿತೇ ಎಂದು ಕೇಳುವುದಿಲ್ಲ. ಚಿತ್ರದ ಅಳತೆ ಎಷ್ಟೆಂದು ಕೇಳಿದರೆ ಎತ್ತರವನ್ನು ಮೊದಲು ಹೇಳುತ್ತದೆ, ರೀಸೈಜ್‌ಗೆ ಕೊಡುವಾಗ ಅಗಲವನ್ನು ಮೊದಲು ಕೊಡಬೇಕು. ಹೊಸಬರು ಇಲ್ಲಿ ಎಡವುವುದು ಸಹಜ. ಎರಡೂವರೆ ಗಂಟೆಯ ಸಿನಿಮಾದಲ್ಲಿ ಸೆಕೆಂಡಿಗೆ 24ರಂತೆ 2,16,000 ಫ್ರೇಮ್‌ಗಳಿರುತ್ತವೆ. ಒಂದು ಸಾಲಿನ ಅಜಾಗ್ರತೆ ಅಷ್ಟೂ ಫ್ರೇಮ್‌ಗಳ ಮೇಲೆ ಮುದ್ರೆಯಾಗುತ್ತದೆ.

ಕಣ್ಣಿಗೆ ಬೀಳದ ತಪ್ಪುಗಳು ಇನ್ನೂ ಇವೆ. ನಮ್ಮ ಹಳೆಯ ಸಿನಿಮಾಗಳಲ್ಲಿ ಎಷ್ಟೋ ಡಿಜಿಟಲ್ ಲೋಕಕ್ಕೆ ಬಂದದ್ದು ಫಿಲ್ಮಿನಿಂದ ನೇರವಾಗಿ ಅಲ್ಲ, ಟಿವಿಗಾಗಿ ಮಾಡಿದ ಟೇಪಿನಿಂದ. ನಮ್ಮ ದೇಶದ ಟಿವಿ ಪದ್ಧತಿಯಲ್ಲಿ ಡಿಜಿಟಲ್ ಫ್ರೇಮಿನ ಅಳತೆ 720ಕ್ಕೆ 576. ಇದು ನಾಲ್ಕಕ್ಕೆ ಮೂರೂ ಅಲ್ಲ, ಹದಿನಾರಕ್ಕೆ ಒಂಬತ್ತೂ ಅಲ್ಲ, ಏಕೆಂದರೆ ಆ ಪಿಕ್ಸೆಲ್‌ಗಳು ಚೌಕವಲ್ಲ. ತೋರಿಸುವಾಗ ಎಷ್ಟು ಹಿಗ್ಗಿಸಬೇಕು ಎಂಬ ಟಿಪ್ಪಣಿ ಫೈಲಿನಲ್ಲೇ ಇರುತ್ತದೆ. ಓಪನ್‌ಸಿವಿ ಫ್ರೇಮ್‌ಗಳನ್ನು ಓದುವಾಗ ಆ ಟಿಪ್ಪಣಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಅನುಪಾತ ಉಳಿಸಿದೆ ಎಂದು ನಂಬಿದವರ ಸ್ಕ್ರಿಪ್ಟ್ ಕೂಡ ಎಲ್ಲರನ್ನೂ ಶೇ 6ರಷ್ಟು ಸಣಕಲು ಮಾಡಿರುತ್ತದೆ. ಫ್ಯಾಬ್ರಿಸ್ ಬೆಲಾರ್ 2000ದಲ್ಲಿ ಆರಂಭಿಸಿದ ವಿಡಿಯೊ ತಂತ್ರಾಂಶ ಎಫ್‌ಎಫ್‌ಎಂಪೆಗ್ ಈ ವಿಷಯದಲ್ಲಿ ಹೆಚ್ಚು ಜವಾಬ್ದಾರಿಯಿಂದ ನಡೆದುಕೊಳ್ಳುತ್ತದೆ. ಗಾತ್ರ ಬದಲಿಸಿದಾಗ ಆ ಟಿಪ್ಪಣಿಯನ್ನೂ ತಿದ್ದಿ ಜೊತೆಗೇ ಕಳಿಸುತ್ತದೆ. ಆದರೆ ಎಲ್ಲಿಂದಲೋ ನಕಲು ಮಾಡಿದ ಆದೇಶದಲ್ಲಿ ಆ ಟಿಪ್ಪಣಿಯನ್ನು ಅಳಿಸುವ ತುಣುಕೂ ಸೇರಿಕೊಂಡಿದ್ದರೆ ಅದರ ವಿವೇಕವೂ ವ್ಯರ್ಥ. ಇನ್ನು ಟೇಪಿನ ಚಿತ್ರ ಒಂದು ಬಿಟ್ಟು ಒಂದು ಗೆರೆಯಂತೆ ಎರಡು ಕಂತುಗಳಲ್ಲಿ ಹೆಣೆದುಕೊಂಡಿರುತ್ತದೆ. ಆ ಎರಡು ಕಂತುಗಳು ಬೇರೆ ಬೇರೆ ಗಳಿಗೆಯವಾಗಿದ್ದರೆ, ಹೆಣಿಗೆಯನ್ನು ಬಿಡಿಸದೆ ಎತ್ತರ ಬದಲಿಸಿದಾಗ ಅವುಗಳ ಗೆರೆಗಳು ಕಲಸಿಹೋಗುತ್ತವೆ, ಕೈ ಬೀಸಿದಲ್ಲೆಲ್ಲ ಬಾಚಣಿಗೆಯ ಹಲ್ಲಿನಂಥ ಕಲೆ ಶಾಶ್ವತವಾಗಿ ಉಳಿಯುತ್ತದೆ. ಟೇಪಿನ ಕಾಲದ್ದೇ ಇನ್ನೊಂದು ತೊಂದರೆ ಶಬ್ದದ್ದು. ಸೆಕೆಂಡಿಗೆ 24 ಫ್ರೇಮಿನ ಫಿಲ್ಮನ್ನು 25ರ ವೇಗದಲ್ಲಿ ಓಡಿಸಿ ಟೇಪಿಗೆ ಇಳಿಸಿದರೆ ಹಾಡು ಶೇ 4ರಷ್ಟು ಬೇಗ ಮುಗಿಯುತ್ತದೆ, ಶ್ರುತಿ ಅರ್ಧ ಸ್ವರಸ್ಥಾನಕ್ಕಿಂತ ಹೆಚ್ಚು ಮೇಲೇರುತ್ತದೆ. ಪಿ.ಬಿ. ಶ್ರೀನಿವಾಸ್ ಅವರ ಮಂದ್ರದ ಕಂಠ ಒಂದಿಷ್ಟು ಎಳಸಾಗಿ ಕೇಳಿಸಿದರೆ ಅನುಮಾನಿಸಬೇಕಾದದ್ದು ನಮ್ಮ ಕಿವಿಯನ್ನಲ್ಲ.

ಅಗಲ ಎತ್ತರಗಳು ಬರೀ ಪೆಟ್ಟಿಗೆಯ ಅಳತೆ, ಒಳಗಿನ ಸರಕು ಮುಖ್ಯ ಎನ್ನುವವರು ವಿ.ಕೆ. ಮೂರ್ತಿಯವರನ್ನು ನೆನೆಯಬೇಕು. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಇಂದಿನ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು, ಕೊನೆಯ ವರ್ಷಗಳನ್ನು ಶಂಕರಪುರದಲ್ಲಿ ಕಳೆದು 2014ರಲ್ಲಿ ತೀರಿಕೊಂಡ ಮೂರ್ತಿ, ಗುರುದತ್ತರ ಕಾಗಜ್ ಕೆ ಫೂಲ್ ಚಿತ್ರದ ಛಾಯಾಗ್ರಾಹಕರು. 1959ರ ಆ ಚಿತ್ರ ಭಾರತದ ಮೊದಲ ಸಿನಿಮಾಸ್ಕೋಪ್. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರೂ ಅವರೇ. ಸಿನಿಮಾಸ್ಕೋಪ್ ತಂತ್ರದಲ್ಲಿ ಕ್ಯಾಮೆರಾದ ಮಸೂರ ಅಗಲದ ದೃಶ್ಯವನ್ನು ಅರ್ಧಕ್ಕೆ ಹಿಂಡಿ ಮಾಮೂಲಿ ಫಿಲ್ಮಿನಲ್ಲಿ ಅಡಗಿಸುತ್ತದೆ. ಚಿತ್ರಮಂದಿರದ ಪ್ರೊಜೆಕ್ಟರಿನ ಮಸೂರ ಅದನ್ನು ಅಷ್ಟೇ ಪ್ರಮಾಣದಲ್ಲಿ ಬಿಡಿಸುತ್ತದೆ. ಇಂದು ಸ್ಕ್ರಿಪ್ಟ್ ಮಾಡುವ ಕೆಲಸವನ್ನೇ ಅಂದು ಗಾಜು ಮಾಡುತ್ತಿತ್ತು. ಆದರೆ ಎಷ್ಟು ಹಿಂಡಿದ್ದು ಎಂಬುದು ಹಿಂಡಿದವರಿಗೂ ಬಿಡಿಸುವವರಿಗೂ ಗೊತ್ತಿತ್ತು, ಬಿಡಿಸಿದ ಮೇಲೆ ಮುಖ ಮುಖವಾಗಿಯೇ ಇರುತ್ತಿತ್ತು. ಅಗಲ ಸಿಕ್ಕಿತೆಂದು ಮೂರ್ತಿಯವರು ಅದನ್ನು ಸುಮ್ಮನೆ ತುಂಬಿಸಲಿಲ್ಲ. ಖಾಲಿ ಸ್ಟುಡಿಯೊದ ಕತ್ತಲಲ್ಲಿ ಇಳಿದುಬರುವ ಬೆಳಕಿನ ಕೋಲು, ಅದರ ಇಕ್ಕೆಲದಲ್ಲಿ ದೂರ ದೂರ ನಿಂತ ಇಬ್ಬರು, ಅವರ ನಡುವಿನ ಬಯಲು, ಇವೆಲ್ಲ ಆ ಅಗಲದಲ್ಲಿ ಮಾತ್ರ ಸಾಧ್ಯವಾದ ಅರ್ಥ. ಆ ಬಯಲು ವ್ಯರ್ಥ ಜಾಗವೆಂದು ಕತ್ತರಿಸಿದರೆ ಉಳಿಯುವುದು ಎರಡು ಮುಖಗಳು ಮಾತ್ರ, ಆ ದೃಶ್ಯ ಉಳಿಯುವುದಿಲ್ಲ. ಕನ್ನಡಕ್ಕೆ ಸಿನಿಮಾಸ್ಕೋಪ್ ಬಂದದ್ದು 1977ರ ಸೊಸೆ ತಂದ ಸೌಭಾಗ್ಯದೊಂದಿಗೆ. ಅದಕ್ಕೆ ಮುಂಚಿನ ನಮ್ಮ ಸಿನಿಮಾಗಳು ಬಹುಪಾಲು ಎತ್ತರ ಹೆಚ್ಚಿದ್ದ ಚೌಕಟ್ಟಿನಲ್ಲಿ ಯೋಚಿಸಿದಂಥವು.

ಎತ್ತರದಲ್ಲಿ ಯೋಚಿಸುವುದು ಎಂದರೇನು ಎಂಬುದಕ್ಕೆ 1972ರ ನಾಗರಹಾವು ಸಾಕು. ಪುಟ್ಟಣ್ಣ ಕಣಗಾಲರು, ಛಾಯಾಗ್ರಾಹಕ ಚಿಟ್ಟಿಬಾಬು ಅವರೊಂದಿಗೆ, ಚಿತ್ರದುರ್ಗದ ಕೋಟೆಯನ್ನು ಕಥೆಯ ಪಾತ್ರವನ್ನಾಗಿ ಮಾಡಿಕೊಂಡ ಚಿತ್ರ ಅದು. ಕಲ್ಲಿನ ಮೇಲೆ ಕಲ್ಲು, ಅದರ ಮೇಲೆ ಬತೇರಿ, ಅದರ ಮೇಲೆ ಆಕಾಶ. ಜಯಂತಿ ಓಬವ್ವನಾಗಿ ಒನಕೆಯನ್ನು ತಲೆಯ ಮೇಲೆತ್ತಿ ನಿಲ್ಲುವ ಸನ್ನಿವೇಶಕ್ಕೆ ಬೇಕಾದದ್ದು ಮೇಲಿನ ಜಾಗ, ಪಕ್ಕದ ಜಾಗವಲ್ಲ. ಇಂಥ ಚಿತ್ರವನ್ನು ಹದಿನಾರಕ್ಕೆ ಒಂಬತ್ತರ ಪರದೆ ತುಂಬುವಂತೆ ಕತ್ತರಿಸಿದರೆ ಮೊದಲು ಹೋಗುವುದು ಅದೇ ಮೇಲಿನ ಜಾಗ. ಎತ್ತರದಲ್ಲಿ ಕಾಲು ಭಾಗ ಎಂದರೆ ಪಿಕ್ಸೆಲ್ ಲೆಕ್ಕದಲ್ಲಿ ಇಡೀ ಸಿನಿಮಾದ ಕಾಲು ಭಾಗ, ಎರಡೂವರೆ ಗಂಟೆಯಲ್ಲಿ ಮೂವತ್ತೇಳೂವರೆ ನಿಮಿಷಕ್ಕೆ ಸಮ. ನಾಗರಹಾವಿನಿಂದ ಅಷ್ಟು ನಿಮಿಷ ಕಿತ್ತು ಪ್ರಸಾರ ಮಾಡಿದರೆ ಊರೆಲ್ಲ ಕೇಳುತ್ತದೆ. ಮೇಲಿಂದ ಕೆಳಗಿಂದ ಅಷ್ಟನ್ನೇ ಕಿತ್ತರೆ ಯಾರೂ ಕೇಳುವುದಿಲ್ಲ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹಿಗ್ಗಿಸಿದ ಚಿತ್ರ ನೋಡಲು ಅಸಹ್ಯ, ಆದರೆ ಎಷ್ಟು ಹಿಗ್ಗಿಸಿದ್ದೆಂದು ಗೊತ್ತಿದ್ದರೆ ಮತ್ತೆ ಕುಗ್ಗಿಸಿ ಬಹುಪಾಲು ಸರಿಮಾಡಬಹುದು. ಕತ್ತರಿಸಿದ ಚಿತ್ರ ನೋಡಲು ಅಚ್ಚುಕಟ್ಟು, ಆದರೆ ಹೋದದ್ದು ಹೋಯಿತು. ನಮ್ಮ ಕಣ್ಣು ಹೆಚ್ಚು ಹಾನಿ ಮಾಡುವುದನ್ನೇ ಸುಲಭವಾಗಿ ಕ್ಷಮಿಸುತ್ತದೆ. ಸ್ವಲ್ಪ ಹಿಗ್ಗಿಸಿ ಸ್ವಲ್ಪ ಕತ್ತರಿಸುವ ರಾಜಿಸೂತ್ರವಂತೂ ಎರಡರ ಕೆಡುಕನ್ನೂ ಸೇರಿಸಿಕೊಳ್ಳುತ್ತದೆ. ಎಷ್ಟು ಹಿಗ್ಗಿಸಿದ್ದರು ಎಂಬ ಲೆಕ್ಕವೂ ಆಮೇಲೆ ಯಾರಿಗೂ ಸಿಗುವುದಿಲ್ಲ.

ಇದು ಅಭಿರುಚಿಯ ಪ್ರಶ್ನೆ ಮಾತ್ರ ಆಗಿದ್ದರೆ ಇಷ್ಟು ಉದ್ದ ಬರೆಯುವ ಅಗತ್ಯವಿರಲಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನಾ 1934ರಲ್ಲಿ ತೆರೆಕಂಡಿತು, ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಆಮೇಲಿನ ದಶಕಗಳ ಎಷ್ಟೋ ಚಿತ್ರಗಳ ನೆಗೆಟಿವ್ ಹಾಳಾಗಿದೆ, ಪ್ರಿಂಟ್ ಸವೆದಿದೆ, ಟಿವಿಗಾಗಿ ಮಾಡಿದ ಟೇಪಷ್ಟೇ ದಿಕ್ಕು. ಆ ಟೇಪಿಗೂ ಆಯುಷ್ಯ ಕಡಿಮೆ. ಅಂಥ ಚಿತ್ರದ ವಿಷಯದಲ್ಲಿ ಇಂದು ಯಾರೋ ಅಪ್‌ಲೋಡ್ ಮಾಡುವ ಫೈಲು ನಾಳೆ ಏಕೈಕ ಪ್ರತಿಯಾಗಬಹುದು. ಕಾಯ್ದೆಯ ರಕ್ಷಣೆಯೂ ಇಲ್ಲಿ ಹೆಚ್ಚು ದಿನ ಜೊತೆಗಿರುವುದಿಲ್ಲ. ಭಾರತದಲ್ಲಿ ಸಿನಿಮಾದ ಹಕ್ಕುಸ್ವಾಮ್ಯ ಬಿಡುಗಡೆಯ ಮರುವರ್ಷದಿಂದ 60 ವರ್ಷ. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ, 1964ರ ಅಮರಶಿಲ್ಪಿ ಜಕಣಾಚಾರಿಯ ಅವಧಿ 2024ರ ಕೊನೆಗೆ ಮುಗಿಯಿತು. ಇನ್ನು ವರ್ಷ ವರ್ಷವೂ ರಾಜ್‌ಕುಮಾರ್ ಯುಗದ ಒಂದೊಂದು ಸಾಲು ಸಾರ್ವಜನಿಕ ಸೊತ್ತಾಗುತ್ತ ಹೋಗುತ್ತದೆ. ಅದು ಒಳ್ಳೆಯದೇ, ಯಾರು ಬೇಕಾದರೂ ನೋಡಬಹುದು, ಹಂಚಬಹುದು, ಕಲಿಸಬಹುದು. ಆದರೆ ನನ್ನ ಚಿತ್ರವನ್ನು ಹೀಗೆ ಕೆಡಿಸಬೇಡಿ ಎನ್ನಲು ಆಗ ಹಕ್ಕುದಾರ ನಿರ್ಮಾಪಕರು ಇರುವುದಿಲ್ಲ. ಸರಿಯಾದ ರೂಢಿಯೊಂದು ಈಗಲೇ ನೆಲೆಯೂರದಿದ್ದರೆ ಆಮೇಲೆ ತಡೆಯುವವರಿಲ್ಲ. ಬೆಂಗಳೂರಿನ ಜಯನಗರ 4ನೇ ಬ್ಲಾಕಿನ ಶಾಪಿಂಗ್ ಕಾಂಪ್ಲೆಕ್ಸಿನಲ್ಲಿ ಪುಟ್ಟಣ್ಣ ಕಣಗಾಲರ ಹೆಸರು ಹೊತ್ತ ಚಿತ್ರಮಂದಿರವೊಂದಿತ್ತು, ಈಗಿಲ್ಲ. ಕಟ್ಟಡ ಹೋದ ಮೇಲೆ ನಿರ್ದೇಶಕನ ಹೆಸರನ್ನು ಹೊತ್ತು ನಿಲ್ಲುವುದು ಅವನ ಚಿತ್ರಗಳು ಮಾತ್ರ.

ಇದಕ್ಕೆ ಮೊದಲ ಆಕ್ಷೇಪ ನೋಡುಗರದ್ದು. ಪರದೆಯ ಎರಡು ಬದಿ ಕಪ್ಪು ಪಟ್ಟಿ ಇದ್ದರೆ ಟಿವಿ ಕೆಟ್ಟಿದೆಯೆಂದು ಕೇಬಲ್‌ನವರಿಗೆ ಫೋನ್ ಮಾಡುತ್ತಾರೆ, ದುಡ್ಡು ಕೊಟ್ಟು ಕೊಂಡ ದೊಡ್ಡ ಪರದೆ ಪೂರ್ತಿ ತುಂಬಲಿ ಎಂದು ಬಯಸುತ್ತಾರೆ ಎನ್ನಲಾಗುತ್ತದೆ. ಬಯಕೆ ಸುಳ್ಳಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ನಮ್ಮ ಹಿರಿಯರು ಕಾಲನ್ನೇ ಹಾಸಿಗೆಯುದ್ದಕ್ಕೆ ಎಳೆಯಿರಿ ಎಂದಾಗಲಿ, ಕತ್ತರಿಸಿರೆಂದಾಗಲಿ ಹೇಳಲಿಲ್ಲ. ತುಂಬಿಸಲೇಬೇಕು ಎನ್ನುವ ನೋಡುಗನಿಗೆ ತನ್ನ ರಿಮೋಟಿನಲ್ಲಿ ಜೂಮ್ ಗುಂಡಿ ಇದೆ, ಮೊಬೈಲಿನಲ್ಲಿ ಎರಡು ಬೆರಳಿನಿಂದ ಹಿಗ್ಗಿಸುವ ಸೌಲಭ್ಯ ಇದೆ. ಅದು ಅವನ ಮನೆಯ, ಆ ಹೊತ್ತಿನ ಆಯ್ಕೆ. ಫೈಲಿನಲ್ಲೇ ಹಿಗ್ಗಿಸಿ ಇಟ್ಟರೆ ಸರಿಯಾಗಿ ನೋಡಬೇಕೆನ್ನುವವನ ಆಯ್ಕೆಯನ್ನು ಕಿತ್ತುಕೊಂಡಂತಾಯಿತು. ಕಪ್ಪು ಪಟ್ಟಿಯಿಂದ ಫೈಲು ದಪ್ಪವಾಗುತ್ತದೆ ಎಂಬ ಮಾತಿನಲ್ಲೂ ಹುರುಳಿಲ್ಲ. ಇಂದಿನ ಸಂಕೋಚನ ತಂತ್ರಕ್ಕೆ ಬದಲಾಗದ ಕಪ್ಪು ಜಾಗ ಹೆಚ್ಚುಕಡಿಮೆ ಸೊನ್ನೆ ಭಾರ. ನಿಜ ಹೇಳಬೇಕೆಂದರೆ ಬಹಳ ಕಡೆ ಪಟ್ಟಿಯನ್ನು ಚಿತ್ರದಲ್ಲಿ ಅಚ್ಚೊತ್ತುವ ಅಗತ್ಯವೂ ಇಲ್ಲ. ಚಿತ್ರವನ್ನು ಅದರ ಸ್ವಂತ ಆಕಾರದಲ್ಲೇ ಉಳಿಸಿಕೊಟ್ಟರೆ ಪ್ಲೇಯರ್ ತನ್ನ ಪರದೆಗೆ ತಕ್ಕಂತೆ ಪಟ್ಟಿಯನ್ನು ತಾನೇ ಹಾಕಿಕೊಳ್ಳುತ್ತದೆ. ಅಚ್ಚೊತ್ತಿದ ಪಟ್ಟಿಯ ಮೇಲೆ ಮತ್ತೊಂದು ಪಟ್ಟಿ ಸೇರಿ, ನಾಲ್ಕೂ ಕಡೆ ಕಪ್ಪಿನ ನಡುವೆ ಅಂಚೆಚೀಟಿಯಷ್ಟೇ ಚಿತ್ರ ಉಳಿದಿರುವ ಪ್ರತಿಗಳನ್ನು ಎಲ್ಲರೂ ನೋಡಿದ್ದೇವೆ. ಹಲವು ಸಲ ಗಾತ್ರ ಬದಲಿಸುವ ಅತ್ಯುತ್ತಮ ಸ್ಕ್ರಿಪ್ಟ್ ಎಂದರೆ ಓಡಿಸದೇ ಬಿಟ್ಟ ಸ್ಕ್ರಿಪ್ಟ್.

ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಬಿಟಿಎಂ ಲೇಔಟಿನ ಪಿಜಿಯಲ್ಲಿರುವ ಇಪ್ಪತ್ತೆರಡರ ಹುಡುಗಿ ಹಳೆಯ ಸಿನಿಮಾವನ್ನು ಮೊದಲ ಸಲ ಕಾಣುವುದು ನೆಟ್ಟಗೆ ಹಿಡಿದ ಮೊಬೈಲಿನಲ್ಲಿ, ಮೂವತ್ತು ಸೆಕೆಂಡಿನ ತುಣುಕಾಗಿ. ಆ ತುಣುಕು ನೆಟ್ಟನೆಯ ಪರದೆಗೆ ಹೊಂದದಿದ್ದರೆ ಆಕೆ ದಾಟಿ ಹೋಗುತ್ತಾಳೆ, ಸಿನಿಮಾ ಆಕೆಯನ್ನು ತಲುಪುವುದೇ ಇಲ್ಲ. ಒಪ್ಪತಕ್ಕ ಮಾತು. ಪ್ರಚಾರದ ತುಣುಕು ಪ್ರಚಾರದ ತುಣುಕೇ, ಅದಕ್ಕೆ ಕತ್ತರಿ ಬೀಳಲಿ. ಆದರೆ ಅದರಲ್ಲಿ ಎಷ್ಟು ಉಳಿಯುತ್ತದೆ ಎಂಬುದು ಗೊತ್ತಿರಲಿ. ಹಳೆಯ ಚೌಕಟ್ಟಿನ ಚಿತ್ರವನ್ನು ಮೊಬೈಲಿನ ನೆಟ್ಟನೆಯ ಅಳತೆಗೆ ಕತ್ತರಿಸಿದರೆ ಉಳಿಯುವುದು ನೂರಕ್ಕೆ ನಲವತ್ತೊಂದು ಪಾಲು, ಸಿನಿಮಾಸ್ಕೋಪಿನದಾದರೆ ಇಪ್ಪತ್ತನಾಲ್ಕು ಪಾಲು. ಯಾವ ಪಾಲು ಉಳಿಸಬೇಕೆಂದು ಆರಿಸಲು ಈಗ ಕೃತಕ ಬುದ್ಧಿಮತ್ತೆ ಬಂದಿದೆ. ಗೂಗಲ್ 2020ರಲ್ಲೇ ಆಟೊಫ್ಲಿಪ್ ಎಂಬ ಮುಕ್ತ ತಂತ್ರಾಂಶ ಹೊರತಂದಿತು. ಚೌಕಟ್ಟಿನಲ್ಲಿ ಮುಖ ಎಲ್ಲಿದೆ, ಚಲನೆ ಎಲ್ಲಿದೆ ಎಂದು ಹುಡುಕಿ ಕತ್ತರಿಯನ್ನು ಅದರ ಹಿಂದೆ ಓಡಿಸುವ ಉಪಾಯ. ಕ್ರಿಕೆಟ್ ಚೆಂಡಿಗೆ, ಸುದ್ದಿ ಓದುವವರಿಗೆ ಅದು ಸರಿ. ಪುಟ್ಟಣ್ಣನವರ 1971ರ ಶರಪಂಜರಕ್ಕೆ ಸರಿಯೇ? ಮಾನಸಿಕ ಕಾಯಿಲೆಯಿಂದ ಗುಣವಾಗಿ ಮನೆಗೆ ಮರಳಿದ ಕಾವೇರಿಯನ್ನು ಮನೆಯವರು, ನೆರೆಯವರು, ಕಟ್ಟಿಕೊಂಡ ಗಂಡ ಹೇಗೆ ನೋಡುತ್ತಾರೆ ಎಂಬುದೇ ಆ ಚಿತ್ರದ ಜೀವ. ನೋಡುವವರು ಮತ್ತು ನೋಡಿಸಿಕೊಳ್ಳುವವಳು ಒಂದೇ ಚೌಕಟ್ಟಿನಲ್ಲಿದ್ದಾಗ ಮಾತ್ರ ಆ ನೋಟದ ಇರಿತ ನಮಗೆ ತಾಗುತ್ತದೆ. ಮುಖ ಹುಡುಕುವ ಕತ್ತರಿ ದೊಡ್ಡದಾಗಿ ಕಾಣುವ ಮುಖವನ್ನೋ ಅಲುಗಾಡುವ ಮುಖವನ್ನೋ ಹಿಡಿದುಕೊಳ್ಳುತ್ತದೆ. ಮೂಲೆಯಲ್ಲಿ ಸುಮ್ಮನೆ ನಿಂತು ಕೇಳಿಸಿಕೊಳ್ಳುವ ಮುಖ ಅದಕ್ಕೆ ಮುಖ್ಯವಲ್ಲ. ಪುಟ್ಟಣ್ಣನವರಿಗೆ ಎಷ್ಟೋ ಸಲ ಮುಖ್ಯವಾದದ್ದು ಅದೇ ಮುಖ. ತುಣುಕು ನೋಡಿ ಆಕರ್ಷಿತಳಾದ ಆ ಹುಡುಗಿ ಇಡೀ ಚಿತ್ರ ಹುಡುಕಿಕೊಂಡು ಬಂದಾಗ ಸಿಗುವುದು ಮೂಲ ಆಕಾರದ ಚಿತ್ರವಾಗಿರಬೇಕು. ಪ್ರಚಾರಕ್ಕೆ ಮಾಡಿದ ಕತ್ತರಿಯೇ ಸಂಗ್ರಹದ ಪ್ರತಿಯ ಮೇಲೂ ಓಡಬಾರದು.

ಬಲ್ಲವರು ಎತ್ತುವ ಮೂರನೆಯ ಆಕ್ಷೇಪಕ್ಕೆ ಉತ್ತರ ಸುಲಭವಲ್ಲ. ಮೂಲ ಆಕಾರ ಮೂಲ ಆಕಾರ ಎನ್ನುತ್ತೀರಿ, ಆದರೆ ಚಿತ್ರಮಂದಿರದಲ್ಲೂ ಫಿಲ್ಮಿನ ಪೂರ್ತಿ ಚೌಕಟ್ಟು ಎಲ್ಲ ಕಾಲದಲ್ಲೂ ಪರದೆಗೆ ಬೀಳುತ್ತಿರಲಿಲ್ಲ. ಪ್ರೊಜೆಕ್ಟರಿನಲ್ಲಿ ತಗಡಿನ ಮಾಸ್ಕ್ ಇಟ್ಟು ಮೇಲೆ ಕೆಳಗೆ ಮುಚ್ಚಿ ಅಗಲ ಪರದೆಗೆ ಹೊಂದಿಸುವ ಪದ್ಧತಿ ಜಗತ್ತಿನೆಲ್ಲೆಡೆ ಇತ್ತು. ಅಂಥ ಚಿತ್ರದ ಟೇಪಿನಲ್ಲಿ ಕಾಣುವ ಹೆಚ್ಚುವರಿ ಎತ್ತರ ಛಾಯಾಗ್ರಾಹಕರು ತೋರಿಸಲು ಬಯಸದೇ ಇದ್ದ ಭಾಗವೂ ಆಗಿರಬಹುದು, ಕೆಲವೊಮ್ಮೆ ಮೈಕಿನ ಕೋಲು ಅಲ್ಲಿ ಇಣುಕುವುದುಂಟು. ಈ ಮಾತು ಪೂರ್ತಿ ನಿಜ. ಆದರೆ ಇದರಿಂದ ಹೊರಡುವ ತೀರ್ಮಾನ ಕತ್ತರಿಸಿ ಎಂಬುದಲ್ಲ, ಕೇಳಿ ಎಂಬುದು. ಆ ಚಿತ್ರವನ್ನು ಯಾವ ಅಳತೆಗೆ ತೆಗೆದರು, ಯಾವ ಅಳತೆಗೆ ತೋರಿಸಿದರು ಎಂದು ಬದುಕಿರುವ ಛಾಯಾಗ್ರಾಹಕರನ್ನು, ಸಹಾಯಕರನ್ನು, ಪ್ರೊಜೆಕ್ಟರ್ ಓಡಿಸಿದವರನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ತಿಳಿಯುವವರೆಗೆ ಪೂರ್ತಿ ಚೌಕಟ್ಟನ್ನು ಉಳಿಸಬೇಕು. ಉಳಿಸಿದ್ದನ್ನು ನಾಳೆ ಮುಚ್ಚಬಹುದು, ಕತ್ತರಿಸಿದ್ದನ್ನು ನಾಳೆ ತೆರೆಯಲಾಗದು. ಹಳೆಯ ಚಿತ್ರಗಳನ್ನು ಹೊಸ ರೂಪದಲ್ಲಿ ಚಿತ್ರಮಂದಿರಕ್ಕೆ ತಂದ ಪ್ರಯತ್ನಗಳ ಬಗ್ಗೆಯೂ ಇದೇ ಮಾತು. 1965ರ ಸತ್ಯ ಹರಿಶ್ಚಂದ್ರ 2008ರಲ್ಲಿ ಬಣ್ಣ ತೊಟ್ಟು ಬಂತು, 1971ರ ಕಸ್ತೂರಿ ನಿವಾಸ 2014ರಲ್ಲಿ. ನಾಗರಹಾವು 2018ರಲ್ಲಿ ಡಿಜಿಟಲ್ ಹೊಳಪಿನೊಂದಿಗೆ ಮರುಬಿಡುಗಡೆಯಾಯಿತು. ಹೊಸ ತಲೆಮಾರನ್ನು ಚಿತ್ರಮಂದಿರಕ್ಕೆ ಕರೆತಂದ ಆ ಸಾಹಸಗಳನ್ನು ನಾನು ಗೌರವಿಸುತ್ತೇನೆ. ಅವು ಹೊಸ ಆವೃತ್ತಿಗಳು ಎಂದು ಹೇಳಿಕೊಂಡೇ ಬಂದವು, ಜನ ತಿಳಿದೇ ಹೋದರು. ಕಪ್ಪುಬಿಳುಪಿನ ಕಸ್ತೂರಿ ನಿವಾಸವೂ ಪಕ್ಕದಲ್ಲಿ ಸಿಗುವಂತಿದ್ದರೆ ಬಣ್ಣದ ಕಸ್ತೂರಿ ನಿವಾಸದಿಂದ ಯಾರಿಗೂ ನಷ್ಟವಿಲ್ಲ. ಹೇಳದೆ ಕೇಳದೆ ಹಿಗ್ಗಿಸಿದ ಪ್ರತಿಯೇ ಮೂಲವೆಂಬಂತೆ ಚಲಾವಣೆಯಾಗುವುದು ನಷ್ಟ.

ಕೊನೆಗೆ, ಅಭಿಮಾನಿಗಳನ್ನು ಏಕೆ ದೂರುತ್ತೀರಿ, ಅವರು ತಮ್ಮ ಕ್ಯಾಸೆಟ್, ಸಿಡಿಗಳಿಂದ ಯೂಟ್ಯೂಬಿಗೆ ಹಾಕಿರದಿದ್ದರೆ ಎಷ್ಟೋ ಚಿತ್ರಗಳು ಇಂದು ನೋಡಲಿಕ್ಕೇ ಸಿಗುತ್ತಿರಲಿಲ್ಲವಲ್ಲ ಎಂದು ಕೇಳುವವರಿದ್ದಾರೆ. ಇದಕ್ಕೆ ನನ್ನಲ್ಲಿ ವಿರೋಧವಿಲ್ಲ, ಕೃತಜ್ಞತೆ ಇದೆ. ಸರ್ಕಾರ, ನಿರ್ಮಾಪಕರು, ವಿತರಕರು ಮಾಡದ ಕೆಲಸವನ್ನು ಅವರು ಕೈಯಿಂದ ಖರ್ಚು ಮಾಡಿ ಮಾಡಿದ್ದಾರೆ. ಆ ಕಾರಣಕ್ಕೇ ಅವರಿಗೆ ಸರಿಯಾದ ವಿಧಾನವನ್ನು ಕನ್ನಡದಲ್ಲಿ ತಿಳಿಸಿಕೊಡುವ ಹೊಣೆ ಬಲ್ಲವರ ಮೇಲಿದೆ. 576 ಗೆರೆಗಳ ಟೇಪನ್ನು 2160 ಗೆರೆಗಳಿಗೆ ಎಳೆದು ಫೋರ್‌ಕೆ ಎಂದು ಹಣೆಪಟ್ಟಿ ಹಚ್ಚಿದರೆ ಹೊಸ ವಿವರ ಒಂದಿಷ್ಟೂ ಹುಟ್ಟುವುದಿಲ್ಲ; ಕೃತಕ ಬುದ್ಧಿಮತ್ತೆ ಹುಟ್ಟಿಸುವ ವಿವರ ಲೀಲಾವತಿಯವರ ಮುಖದ್ದಲ್ಲ, ಯಂತ್ರದ ಊಹೆಯದ್ದು. ಟೇಪಿನಿಂದ ಬಂದದ್ದನ್ನು ಬಂದ ಹಾಗೇ ಒಂದು ಕಡೆ ಇಟ್ಟು, ಆಮೇಲೆ ಬೇಕಾದ ಪ್ರಯೋಗ ಮಾಡಿ ಎಂಬಷ್ಟನ್ನು ಎಲ್ಲರಿಗೂ ಮುಟ್ಟಿಸಿದರೆ ಅರ್ಧ ಕೆಲಸ ಆದಂತೆ.

ಸರಿಯಾಗಿ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮದೇ ಉದಾಹರಣೆ ಇದೆ. ಯು.ಆರ್. ಅನಂತಮೂರ್ತಿಯವರ ಕಥೆ ಆಧರಿಸಿ ಗಿರೀಶ್ ಕಾಸರವಳ್ಳಿ 1977ರಲ್ಲಿ ತೆಗೆದ, ಎಸ್. ರಾಮಚಂದ್ರ ಅವರ ಛಾಯಾಗ್ರಹಣದ ಘಟಶ್ರಾದ್ಧವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್, ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಮತ್ತು ಇಟಲಿಯ ಚಿನೆತೇಕಾ ದಿ ಬೊಲೋನ್ಯ ಸೇರಿ ಪುನರುಜ್ಜೀವಿಸಿದವು. ಪುಣೆಯ ರಾಷ್ಟ್ರೀಯ ಸಂಗ್ರಹಾಲಯದಲ್ಲಿ ಮೂಲ ನೆಗೆಟಿವ್ ಉಳಿದಿದ್ದರಿಂದ ಅದು ಸಾಧ್ಯವಾಯಿತು. 2024ರ ವೆನಿಸ್ ಚಿತ್ರೋತ್ಸವದಲ್ಲಿ ಜಗತ್ತು ಅದನ್ನು ಮತ್ತೆ ನೋಡಿತು. ಎಲ್ಲ ಚಿತ್ರಕ್ಕೂ ಇಂಥ ಭಾಗ್ಯ ಬರಲಾರದು. ರಾಷ್ಟ್ರೀಯ ಚಲನಚಿತ್ರ ಪರಂಪರೆ ಮಿಷನ್ ಅಡಿ 2,200 ಚಿತ್ರಗಳ ಪುನರುಜ್ಜೀವನಕ್ಕೆ 363 ಕೋಟಿ ರೂಪಾಯಿ ಎಂದು ಕೇಂದ್ರ 2022ರಲ್ಲಿ ಪ್ರಕಟಿಸಿತು. ಅದು ಇಡೀ ದೇಶದ ಎಲ್ಲ ಭಾಷೆಗಳ ಲೆಕ್ಕ, ಅದರಲ್ಲಿ ಕನ್ನಡಕ್ಕೆ ಒಂದು ಪಾಲು. ಉಳಿದವುಗಳ ಗತಿ ನಮ್ಮ ಕೈಯಲ್ಲಿದೆ, ಅದಕ್ಕೆ ಕೋಟಿಗಳು ಬೇಕಿಲ್ಲ. ಕರ್ನಾಟಕ ಚಲನಚಿತ್ರ ಅಕಾಡೆಮಿ ನಾಲ್ಕು ಪುಟದ ಒಂದು ಕನ್ನಡ ಕೈಪಿಡಿ ಹೊರತರಬಹುದು: ಹಳೆಯ ಚಿತ್ರವನ್ನು ಯಾವ ಅಳತೆಯಲ್ಲಿ ಡಿಜಿಟಲ್‌ಗೆ ಇಳಿಸಬೇಕು, ಯಾವ ಟಿಪ್ಪಣಿ ಜೊತೆಗಿಡಬೇಕು, ಯಾವುದನ್ನು ಎಂದೂ ಅಳಿಸಬಾರದು. ಸಹಾಯಧನ ಪಡೆಯುವ ಪ್ರತಿಯೊಂದು ಚಿತ್ರವೂ ತನ್ನ ಮೂಲ ಆಕಾರವನ್ನು ದಾಖಲೆಯಲ್ಲಿ ನಮೂದಿಸಿ, ಕತ್ತರಿ ಬೀಳದ ಪ್ರತಿಯೊಂದನ್ನು ಒಪ್ಪಿಸಬೇಕೆಂದು ಸರ್ಕಾರ ಒಂದು ಸಾಲು ಸೇರಿಸಬಹುದು. ಬನಶಂಕರಿ ಎರಡನೇ ಹಂತದ ಸುಚಿತ್ರ 1971ರಿಂದ ಬೆಂಗಳೂರಿಗೆ ಸಿನಿಮಾ ನೋಡುವುದನ್ನು ಕಲಿಸಿದ ಸಂಸ್ಥೆ. ಚೌಕಟ್ಟನ್ನು ಹೇಗೆ ಓದಬೇಕು ಎಂದು ಅಲ್ಲಿ ಕಲಿತವರೂ, ಸುತ್ತಲಿನ ಬಡಾವಣೆಗಳಲ್ಲಿ ಸಾವಿರಗಟ್ಟಲೆ ಇರುವ ಸಾಫ್ಟ್‌ವೇರ್ ಎಂಜಿನಿಯರುಗಳೂ ಒಂದು ಭಾನುವಾರ ಒಟ್ಟಿಗೆ ಕುಳಿತರೆ ಆ ಕೈಪಿಡಿಯ ಕರಡು ಸಂಜೆಯೊಳಗೆ ಸಿದ್ಧವಾದೀತು. ಚೌಕಟ್ಟಿನ ಅರಿವೂ ಕೋಡಿನ ಅರಿವೂ ಇಷ್ಟು ಹತ್ತಿರ ಹತ್ತಿರ ವಾಸಿಸುವ ಊರು ಬೇರೊಂದು ಸಿಗುವುದು ಕಷ್ಟ, ಆದರೆ ಅವೆರಡಕ್ಕೂ ಪರಸ್ಪರ ಪರಿಚಯವಾಗಿಲ್ಲ.

ಆದ್ದರಿಂದ ಜೆ.ಪಿ. ನಗರದಲ್ಲಿ, ಬಿಟಿಎಂನಲ್ಲಿ, ಇನ್ನೆಲ್ಲೇ ಕುಳಿತು ಈ ಸ್ಕ್ರಿಪ್ಟುಗಳನ್ನು ಬರೆಯುವ ಗೆಳೆಯರಲ್ಲಿ ನನ್ನ ಕೋರಿಕೆ ನೇರವಾದದ್ದು. ಸ್ಕ್ರಿಪ್ಟು ಫೈಲನ್ನು ತೆರೆದ ಕೂಡಲೇ ಅದರ ಅಗಲ ಎತ್ತರದ ಜೊತೆಗೆ ಪಿಕ್ಸೆಲ್‌ನ ಆಕಾರವನ್ನೂ ಓದಲಿ. ಎಫ್‌ಎಫ್‌ಎಂಪೆಗ್‌ನಲ್ಲಿ ಮೂಲ ಅನುಪಾತ ಉಳಿಸುವ ಆಯ್ಕೆ ಇದ್ದೇ ಇದೆ, ಅದನ್ನು ಬಳಸಿ. ಓಪನ್‌ಸಿವಿಯಾದರೆ ಎರಡು ಭಾಗಲಬ್ಧಗಳಲ್ಲಿ ಚಿಕ್ಕದನ್ನು ಆರಿಸುವ ಆ ಸಾಲನ್ನು ಬರೆದುಬಿಡಿ. ಹಿಗ್ಗಿಸುವುದು, ಕತ್ತರಿಸುವುದು ಬೇಕೇ ಬೇಕೆಂದರೆ ಬಳಸುವವರು ಬಾಯಿಬಿಟ್ಟು ಕೇಳಿದಾಗ ಮಾತ್ರ ಆಗಲಿ, ತಾನಾಗಿ ಆಗದಿರಲಿ. ಹೊಸ ಫೈಲಿನ ಹೆಸರಿನಲ್ಲೇ ಏನು ಬದಲಾಯಿತೆಂಬುದು ಇರಲಿ. ಹಳೆಯ ಫೈಲನ್ನು ಅಳಿಸುವ ಆದೇಶ ಸ್ಕ್ರಿಪ್ಟಿನಲ್ಲಿ ಇದ್ದರೆ ಇಂದೇ ತೆಗೆದುಹಾಕಿ.